ಕಾಲು ತೆಗೆದರೂ ಬಿಡದ ಬ್ರೇಕು

ಬ್ರೇಕು ಬಿಸಿಯಾಗುವುದು ತಪ್ಪಲ್ಲ, ಬಿಸಿಯಾಗುವುದೇ ಅದರ ಕಸುಬು. ಎರಡು ಟನ್ ತೂಕದ ಫೋರ್‌ವೀಲ್ ಡ್ರೈವ್ ಗಾಡಿಯೊಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿರುವ ಚಲನಶಕ್ತಿ ಹೆಚ್ಚುಕಡಿಮೆ 5 ಲಕ್ಷ ಜೂಲ್. ಪೆಡಲ್ ಒತ್ತಿ ನಿಲ್ಲಿಸಿದಾಗ ಅಷ್ಟೂ ಶಕ್ತಿ ಪ್ಯಾಡು ಮತ್ತು ಡಿಸ್ಕುಗಳ ತಿಕ್ಕಾಟದಲ್ಲಿ ಶಾಖವಾಗಿ, ಅಲ್ಲಿಂದ ಗಾಳಿಗೆ ಹೋಗುತ್ತದೆ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಘಟ್ಟ ಇಳಿಯುವಾಗ ಲೆಕ್ಕ ಇನ್ನೂ ದೊಡ್ಡದು. ಸುಮಾರು 500 ಮೀಟರ್ ಇಳಿಯುವಷ್ಟರಲ್ಲಿ ಅದೇ ಗಾಡಿ ಕಳೆದುಕೊಳ್ಳಬೇಕಾದ ಶಕ್ತಿ 98 ಲಕ್ಷ ಜೂಲ್, ಅಂದರೆ 80ರ ವೇಗದಿಂದ ಇಪ್ಪತ್ತು ಸಲ ನಿಲ್ಲಿಸಿದಷ್ಟು. ಲೋ ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲೋ ಟಾಪ್ ಗೇರಿನಲ್ಲೋ ಪೆಡಲ್ ಒತ್ತಿಕೊಂಡೇ ಇಳಿದರೆ ಬಹುಪಾಲು ಬ್ರೇಕಿನ ಮೇಲೆ ಬೀಳುತ್ತದೆ. ಹಾಗಾಗಿ ಘಟ್ಟದ ಬುಡದಲ್ಲಿ ಚಕ್ರ ಸುಡುತ್ತಿದೆ, ಲೈನರ್ ವಾಸನೆ ಬರುತ್ತಿದೆ ಎಂಬುದರಿಂದಲೇ ಗಾಡಿಗೆ ರೋಗ ಬಂದಿದೆ ಎನ್ನಲಾಗದು. ರೋಗ ಎನ್ನಬೇಕಾದದ್ದು ಬೇರೆ: ಸಮತಟ್ಟು ರಸ್ತೆಯಲ್ಲಿ, ಪೆಡಲ್ ಮೇಲೆ ಕಾಲಿಡದೆ ಓಡಿಸಿದಾಗಲೂ ಚಕ್ರ ಕಾಯುವುದು. ಗ್ಯಾರೇಜಿನ ಮಾತಿನಲ್ಲಿ ಬ್ರೇಕ್ ಜಾಮ್.

ಈ ಸಂದರ್ಭದಲ್ಲಿ ಶಾಖ ಎಲ್ಲಿಂದ ಬರುತ್ತಿದೆ? ಉತ್ತರಕ್ಕೆ ಒಂದು ಹಳೆಯ ಪ್ರಯೋಗ ನೋಡಿ. ಕೌಂಟ್ ರಂಫರ್ಡ್ ಎಂಬ ವಿಜ್ಞಾನಿ ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಕುದುರೆಗಳಿಂದ ಯಂತ್ರ ತಿರುಗಿಸಿ, ಮೊಂಡು ಉಳಿಯಿಂದ ಫಿರಂಗಿಯ ಲೋಹವನ್ನು ಕೊರೆಯಿಸಿದ. ಸುತ್ತ ಇಟ್ಟಿದ್ದ ನೀರು ಎರಡೂವರೆ ಗಂಟೆಯಲ್ಲಿ ಬೆಂಕಿಯಿಲ್ಲದೆ ಕುದಿಯಿತು. 1798ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಅವನು ಎತ್ತಿ ತೋರಿಸಿದ್ದು, ತಿಕ್ಕಾಟ ನಡೆಯುವವರೆಗೂ ಶಾಖ ಬತ್ತುವುದೇ ಇಲ್ಲ ಎಂಬುದನ್ನು. ಕುದುರೆಗಳ ದುಡಿಮೆಯೇ ಶಾಖವಾಗುತ್ತಿತ್ತು. ಬಿಡದ ಬ್ರೇಕಿನಲ್ಲಿ ಆ ಕುದುರೆಗಳ ಜಾಗದಲ್ಲಿ ಎಂಜಿನ್ ಇದೆ, ಖರ್ಚು ಡೀಸೆಲ್‌ನದು. ಒಂದು ಚಕ್ರದಲ್ಲಿ ರಸ್ತೆಯ ಮಟ್ಟಕ್ಕೆ 20 ಕಿಲೋ ತೂಕದಷ್ಟು ಎಳೆತ ಉಳಿದಿದೆ ಎಂದುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಲ್ಲಿ ಹುಟ್ಟುವ ಶಾಖ 3 ಕಿಲೋವ್ಯಾಟ್‌ಗೂ ಹೆಚ್ಚು. ಬಚ್ಚಲುಮನೆಯ ದೊಡ್ಡ ಗೀಸರನ್ನು ಚಕ್ರದೊಳಗೆ ಕೂರಿಸಿ, ಆರಿಸದೆ ಬಿಟ್ಟಂತೆ. ಎಂಟು ಕಿಲೋ ತೂಕದ ಬೀಡುಕಬ್ಬಿಣದ ಡಿಸ್ಕು ಮೊದಮೊದಲು ನಿಮಿಷಕ್ಕೆ ಸುಮಾರು 50 ಡಿಗ್ರಿಯಂತೆ ಏರುತ್ತದೆ. ಓಡಿಸುವವರಿಗೆ ಗೊತ್ತಾಗುವುದು ಮಾತ್ರ ಕಡಿಮೆ, ಏಕೆಂದರೆ ಇಡೀ ಗಾಡಿಯ ಟೈರುಗಳು ಸಹಜವಾಗಿ ಒಡ್ಡುವ ಉರುಳು ಪ್ರತಿರೋಧವೇ 25 ಕಿಲೋದ ಆಸುಪಾಸಿನಲ್ಲಿರುತ್ತದೆ. ಅದರೊಂದಿಗೆ ಇನ್ನು 20 ಕಿಲೋ ಸೇರಿದರೆ ಬಲವಾದ ಎಂಜಿನ್ ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಮೈಲೇಜ್ ಕುಸಿಯುತ್ತದೆ, ವಾಸನೆ ಬರುತ್ತದೆ, ಆಗಲೇ ಗಮನ ಹೋಗುವುದು.

ಗ್ಯಾರೇಜಿಗೆ ಬಂದ ಇಂಥ ಗಾಡಿಗೆ ಹೆಚ್ಚಾಗಿ ಸಿಗುವ ಚಿಕಿತ್ಸೆ ಎಂದರೆ ಬಿಸಿಯಾದ ಚಕ್ರದಲ್ಲಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬದಲಿಸುವುದು. ಶಾಖ ಕಂಡ ಜಾಗದಲ್ಲೇ ದೋಷವಿದೆ ಎಂಬ ಊಹೆ ಇದರ ಹಿಂದಿದೆ, ಮತ್ತು ಆ ಊಹೆ ಅನೇಕ ಸಲ ತಪ್ಪು. ಚಕ್ರ ನಮಗೆ ಹೇಳುವುದು ಶಕ್ತಿ ಎಲ್ಲಿ ಖರ್ಚಾಗುತ್ತಿದೆ ಎಂಬುದನ್ನು ಮಾತ್ರ. ಆ ಖರ್ಚಿಗೆ ಕಾರಣವಾದ ಒತ್ತಡ ಕ್ಯಾಲಿಪರಿಗೆ ಸೇರುವ ರಬ್ಬರ್ ಪೈಪಿನಲ್ಲೋ, ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ, ಬಾನೆಟ್ ಕೆಳಗಿನ ಮಾಸ್ಟರ್ ಸಿಲಿಂಡರಿನಲ್ಲೋ, ಪೆಡಲಿನ ಬುಡದಲ್ಲೋ ಸಿಕ್ಕಿಕೊಂಡಿರಬಹುದು. ಆದ್ದರಿಂದ ಪತ್ತೆಯ ಮೊದಲ ಪ್ರಶ್ನೆ ಯಾವ ಭಾಗ ಕೆಟ್ಟಿದೆ ಎಂಬುದಾಗಬಾರದು. ಬ್ರೇಕ್ ಆಯಿಲ್‌ನಲ್ಲಿ ಒತ್ತಡ ಉಳಿದಿದೆಯೋ ಅಥವಾ ಒತ್ತಡ ಇಳಿದ ಮೇಲೂ ಲೋಹವೇ ಕಚ್ಚಿಕೊಂಡಿದೆಯೋ ಎಂಬುದಾಗಬೇಕು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಂಶಯದ ಭಾಗಗಳಲ್ಲಿ ಅರ್ಧದಷ್ಟು ತಾವಾಗಿ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಬ್ರೇಕು ಹಿಡಿಯುವುದು ಹೇಗೆಂದು ಬಹಳ ಮಂದಿಗೆ ಗೊತ್ತು, ಬಿಡುವುದು ಹೇಗೆಂಬ ಕಡೆಗೆ ಗಮನ ಕಡಿಮೆ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ಹಿಂದಕ್ಕೆ ಎಳೆಯುವ ಬಲವಾದ ಸ್ಪ್ರಿಂಗ್ ಇಲ್ಲ. ಕ್ಯಾಲಿಪರಿನ ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಪಿಸ್ಟನ್ ಮುಂದೆ ಹೋದಾಗ ಆ ಸೀಲ್ ತುಸು ಬಾಗುತ್ತದೆ, ಒತ್ತಡ ಹೋದಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಷ್ಟು ಹಿಂದಕ್ಕೆ ತರುತ್ತದೆ. ಬಿಡುಗಡೆ ಎಂದರೆ ಇಷ್ಟೇ. ಪೆಡಲ್ ಒತ್ತಿದಾಗ ಆಯಿಲ್‌ನಲ್ಲಿ ವಾಯುಭಾರದ ಹತ್ತಾರು ಪಟ್ಟು ಒತ್ತಡವಿರುತ್ತದೆ; ಆ ಆಯಿಲನ್ನು ವಾಪಸ್ ಕಳಿಸಲು ಇರುವುದು ಒಂದು ರಬ್ಬರ್ ಉಂಗುರದ ಸ್ಥಿತಿಸ್ಥಾಪಕತೆ. ಹಿಡಿಯುವ ಬಲಕ್ಕೂ ಬಿಡುವ ಬಲಕ್ಕೂ ಇರುವ ಈ ಅಗಾಧ ಅಂತರವೇ ಬ್ರೇಕ್ ಜಾಮ್‌ನ ಮೂಲ. ದಾರಿಯಲ್ಲಿ ಸಣ್ಣ ಅಡ್ಡಿಯಿದ್ದರೂ ಹೋಗುವಾಗ ಆಯಿಲ್ ನುಗ್ಗಿ ಹೋಗುತ್ತದೆ, ಬರುವಾಗ ಬರಲಾರದು. ಮೊದಲು ಹೇಳಿದ 20 ಕಿಲೋ ಎಳೆತ ಹುಟ್ಟಲು ಸಾಮಾನ್ಯ ಗಾತ್ರದ ಪಿಸ್ಟನ್ ಹಿಂದೆ ಮೂರು ನಾಲ್ಕು ವಾಯುಭಾರದಷ್ಟು ಒತ್ತಡ ಉಳಿದರೆ ಸಾಕು. ಹಳೆಯ ಜೀಪುಗಳ ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿಕೊಳ್ಳುವವರು ಇಲ್ಲೊಂದು ವಿಷಯ ನೆನಪಿಡಬೇಕು. ಡ್ರಮ್ ಬ್ರೇಕಿಗೆಂದೇ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರುಗಳಲ್ಲಿ ಸ್ವಲ್ಪ ಒತ್ತಡವನ್ನು ಬೇಕೆಂದೇ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿನ ಶೂಗಳನ್ನು ಎಳೆಯುವ ಸ್ಪ್ರಿಂಗುಗಳಿಗೆ ಅದು ಲೆಕ್ಕಕ್ಕಿಲ್ಲ. ಸ್ಪ್ರಿಂಗ್ ಇಲ್ಲದ ಡಿಸ್ಕಿಗೆ ಅದೇ ಉಳಿಕೆ ಒತ್ತಡ ನಿರಂತರ ತಿಕ್ಕಾಟವಾಗುತ್ತದೆ.

ಪತ್ತೆಗೆ ತಳಹದಿ ಒದಗಿಸುವುದು ಪಾಸ್ಕಲನ ನಿಯಮ. ಅವನು 1662ರಲ್ಲಿ ತೀರಿಕೊಂಡ ಮರುವರ್ಷ ಪ್ರಕಟವಾದ ಅವನ ಬರಹದಲ್ಲಿ ಇರುವ ತತ್ವ ಇದು: ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲೆಡೆಗೂ ಸಮನಾಗಿ ಹಬ್ಬುತ್ತದೆ. ಇದನ್ನು ತಿರುಗಿಸಿ ನೋಡಿ. ಒಂದೇ ದ್ರವದ ಎರಡು ಜಾಗಗಳಲ್ಲಿ ಒತ್ತಡ ಬೇರೆ ಬೇರೆ ಇದ್ದರೆ ಅವುಗಳ ನಡುವೆ ಎಲ್ಲೋ ದಾರಿ ಮುಚ್ಚಿದೆ ಎಂದೇ ಅರ್ಥ. ಮುಂದಿನ ಎಡಚಕ್ರದಲ್ಲಿ ಮಾತ್ರ ಒತ್ತಡ ಉಳಿದು ಬಲಚಕ್ರ ಸಲೀಸಾಗಿದ್ದರೆ, ಅಡ್ಡಿ ಇರುವುದು ಎರಡೂ ಪೈಪುಗಳು ಕವಲೊಡೆದ ಜಾಗದಿಂದ ಎಡಚಕ್ರದವರೆಗೆ. ಮಾಸ್ಟರ್ ಸಿಲಿಂಡರನ್ನು ದೂರಬೇಕಾಗಿಲ್ಲ. ಮುಂದಿನ ಎರಡೂ ಚಕ್ರಗಳು ಒಟ್ಟಿಗೆ ಹಿಡಿದಿದ್ದರೆ, ಎರಡು ಕ್ಯಾಲಿಪರುಗಳು ಒಂದೇ ದಿನ ಕೆಟ್ಟವು ಎನ್ನುವುದಕ್ಕಿಂತ ಅವೆರಡಕ್ಕೂ ಸೇರಿದ ಭಾಗ ಕೆಟ್ಟಿದೆ ಎನ್ನುವುದೇ ಸರಿ. ನಾಲ್ಕೂ ಚಕ್ರಗಳು ಹಿಡಿದಿದ್ದರೆ ಹುಡುಕಬೇಕಾದದ್ದು ಮಾಸ್ಟರ್ ಸಿಲಿಂಡರ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್, ಪೆಡಲುಗಳ ಸುತ್ತ.

ಆದರೆ ಇಷ್ಟು ದೂರ ಬರುವ ಮೊದಲೇ ಫೋರ್‌ವೀಲ್ ಡ್ರೈವ್ ಗಾಡಿ ಒಂದೆರಡು ಸುಳ್ಳು ಸಾಕ್ಷಿಗಳನ್ನು ಒಡ್ಡುತ್ತದೆ. ಮೊದಲನೆಯದು, ಬ್ರೇಕಿಗೆ ಸಂಬಂಧವೇ ಇಲ್ಲದ ಬಿಗಿತ. ಥಾರ್, ಜಿಪ್ಸಿಗಳಂಥ ಗಾಡಿಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದಕ್ಕೊಂದು ಕಟ್ಟಿಬೀಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕು. ಕೆಸರಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ; ಡಾಂಬರಿನ ಮೇಲೆ ಜಾರಲಾಗದೆ ಶಾಫ್ಟುಗಳು ತಿರುಚಿಕೊಂಡು, ಬ್ರೇಕು ಹಿಡಿದಂತೆಯೇ ಗಾಡಿ ಬಿಗಿಯಾಗುತ್ತದೆ. ಹೀಗಾದಾಗ ಡಿಸ್ಕುಗಳು ತಣ್ಣಗಿರುತ್ತವೆ, ಸ್ವಲ್ಪ ರಿವರ್ಸ್ ತೆಗೆದುಕೊಂಡು ಟೂವೀಲ್‌ಗೆ ಹಾಕಿದರೆ ಬಿಗಿತ ಬಿಟ್ಟುಹೋಗುತ್ತದೆ. ಎರಡನೆಯದು ಜಾಕ್ ಏರಿಸಿ ಚಕ್ರವನ್ನು ಕೈಯಿಂದ ತಿರುಗಿಸುವ ಪರೀಕ್ಷೆ. ಆ ಶಾಫ್ಟುಗಳನ್ನು ಜೋಡಿಸುವ ಟ್ರಾನ್ಸ್‌ಫರ್ ಕೇಸ್ ಫೋರ್‌ವೀಲ್‌ನಲ್ಲೇ ಇದ್ದರೆ ಎತ್ತಿದ ಚಕ್ರ ತಿರುಗುವುದೇ ಇಲ್ಲ, ತಪ್ಪು ಬ್ರೇಕಿನ ಮೇಲೆ ಬೀಳುತ್ತದೆ. ಅದನ್ನು ನ್ಯೂಟ್ರಲ್‌ಗೆ ತಂದು, ಆಕ್ಸಲಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ನೋಡಬೇಕು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಬಂದ ಕ್ಷಣ ಗೇರಿಗೂ ಚಕ್ರಕ್ಕೂ ನಂಟು ಕಡಿಯುತ್ತದೆ, ಗೇರಿನಲ್ಲಿದೆ ಎಂದು ನಂಬಿದ ಗಾಡಿ ಉರುಳಬಲ್ಲದು. ನೆಲದ ಮೇಲಿರುವ ಚಕ್ರಗಳಿಗೆ ಮುಂದೂ ಹಿಂದೂ ಕಟ್ಟೆ ಕೊಡದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಹಳೆಯ ವಿಲ್ಲೀಸ್ ಜೀಪು, ಹಳೆಯ ತಲೆಮಾರಿನ ಲ್ಯಾಂಡ್ ರೋವರ್ ಡಿಫೆಂಡರ್‌ಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ. ಅಲ್ಲಿ ಸುಟ್ಟ ವಾಸನೆ ಗಾಡಿಯ ನಡುಭಾಗದಿಂದ ಬಂದರೆ ಚಕ್ರಗಳನ್ನು ಬಿಚ್ಚಿ ಪ್ರಯೋಜನವಿಲ್ಲ.

ಬಿಸಿಯನ್ನು ಅಳೆಯಲು ಈಗ ದೂರದಿಂದಲೇ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸುಲಭವಾಗಿ ಸಿಗುತ್ತದೆ. ಅದು ತೋರುವ ಅಂಕಿಯನ್ನು ಅಕ್ಷರಶಃ ನಂಬಬಾರದು. ಹೊಳೆಯುವ ಲೋಹ ತನ್ನ ಬಿಸಿಗೆ ತಕ್ಕಷ್ಟು ಅವಕೆಂಪು ಕಿರಣ ಸೂಸುವುದಿಲ್ಲವಾದ್ದರಿಂದ ನುಣುಪಾದ ಡಿಸ್ಕು ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ, ತುಕ್ಕು ಹಿಡಿದ ಅಂಚು ನಿಜಕ್ಕೆ ಹತ್ತಿರ ಇರುತ್ತದೆ. ಆದರೂ ಹೋಲಿಕೆಗೆ ಅದು ಒಳ್ಳೆಯ ಸಾಧನ. ಸಮತಟ್ಟು ರಸ್ತೆಯಲ್ಲಿ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ, ತಾನಾಗಿ ನಿಲ್ಲಲು ಬಿಟ್ಟು, ಎಡ ಬಲ ಚಕ್ರಗಳ ಅದೇ ಜಾಗವನ್ನು ನೋಡಿ. ಹೋಲಿಸಬೇಕಾದದ್ದು ಒಂದೇ ಆಕ್ಸಲಿನ ಎರಡು ಬದಿಗಳನ್ನು, ಮುಂದಿನದನ್ನು ಹಿಂದಿನದರ ಜೊತೆ ಅಲ್ಲ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳು ಹೆಚ್ಚು ದುಡಿಯುವಂತೆಯೇ ಅವುಗಳನ್ನು ಮಾಡಿರುತ್ತಾರೆ. ಡಿಸ್ಕಿಗಿಂತ ಚಕ್ರದ ನಡುವಿನ ಹಬ್ ಹೆಚ್ಚು ಸುಡುತ್ತಿದ್ದರೆ ಅದು ಬೇರಿಂಗಿನ ದೂರು. ಡಿಸ್ಕೇ ಹೆಚ್ಚು ಸುಡುತ್ತಿದ್ದರೆ ಬ್ರೇಕಿನದು.

ಈಗ ನಿರ್ಣಾಯಕ ಪರೀಕ್ಷೆ. ಗಾಡಿ ಬಿಸಿಯಾಗಿದ್ದು ಚಕ್ರ ಹಿಡಿದಿರುವಾಗಲೇ, ಆ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ. ಕಣ್ಣಿಗೆ ಕನ್ನಡಕ, ಬ್ಲೀಡರಿಗೆ ಪೈಪು ಮತ್ತು ಬಾಟಲಿ ಇರಲಿ, ಏಕೆಂದರೆ ಬಿಸಿ ಆಯಿಲ್ ಚಿಮ್ಮಬಹುದು, ಪೇಂಟಿನ ಮೇಲೆ ಬಿದ್ದರೆ ಅದನ್ನೂ ತಿನ್ನುತ್ತದೆ. ಆಯಿಲ್ ಚಿಮ್ಮಿ ಚಕ್ರ ಸಲೀಸಾದರೆ ಒತ್ತಡ ಸಿಕ್ಕಿಕೊಂಡಿತ್ತು ಎಂದು ಖಚಿತ. ಆಯಿಲ್ ಸುಮ್ಮನೆ ಜಿನುಗಿ, ಚಕ್ರ ಹಾಗೇ ಬಿಗಿಯಾಗಿ ಉಳಿದರೆ ಒತ್ತಡದ ತಪ್ಪಿಲ್ಲ, ಲೋಹ ಕಚ್ಚಿದೆ. ಮೊದಲನೆಯದಾದರೆ ಬ್ಲೀಡರ್ ಬಿಗಿದು, ಪೆಡಲ್ ಒತ್ತಿ ಮತ್ತೆ ಚಕ್ರ ಹಿಡಿಯುವಂತೆ ಮಾಡಿ, ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರುವ ಜಾಯಿಂಟನ್ನು ಸಡಿಲಿಸಿ ನೋಡುವುದು. ಅಲ್ಲಿ ಬಿಚ್ಚಿದರೂ ಚಕ್ರ ಬಿಡದಿದ್ದರೆ ಹೋಸ್ ಒಳಗೇ ಅಡ್ಡಿಯಿದೆ: ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಿತ್ತು ನಾಲಿಗೆಯಂತೆ ಮಡಚಿಕೊಂಡು, ಹೋಗಲು ಬಿಟ್ಟು ಬರಲು ಬಿಡದ ವಾಲ್ವ್ ಆಗಿರುತ್ತದೆ, ಅಥವಾ ಹೋಸ್ ಹಿಡಿದಿರುವ ಕ್ಲ್ಯಾಂಪಿನಡಿ ತುಕ್ಕು ಉಬ್ಬಿ ಹಿಸುಕಿರುತ್ತದೆ. ಜಾಯಿಂಟಿನಲ್ಲಿ ಬಿಟ್ಟುಕೊಂಡರೆ ಇನ್ನೂ ಮೇಲಕ್ಕೆ ಹೋಗಬೇಕು. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪನ್ನು ಸಡಿಲಿಸಿದಾಗ ಬಿಡದಿದ್ದರೆ ನಡುವಿನ ಪೈಪು ಅಥವಾ ಎಬಿಎಸ್ ಘಟಕದ ವಾಲ್ವು. ಬಿಟ್ಟರೆ ಮಾಸ್ಟರ್ ಸಿಲಿಂಡರ್ ಅಥವಾ ಅದನ್ನು ಒತ್ತುವ ಭಾಗ. ಕೊನೆಗೆ, ಬೂಸ್ಟರಿಗೆ ಮಾಸ್ಟರ್ ಸಿಲಿಂಡರನ್ನು ಬಿಗಿದಿರುವ ನಟ್ಟುಗಳನ್ನು ಸಡಿಲಿಸಿ ಮೂರು ನಾಲ್ಕು ಮಿಲಿಮೀಟರ್ ಮುಂದೆ ಎಳೆದಾಗ ಚಕ್ರ ಬಿಟ್ಟರೆ, ಹಿಂದಿನ ಪುಶ್‌ರಾಡ್ ಅದನ್ನು ಸದಾ ಒತ್ತಿಹಿಡಿದಿತ್ತು. ಕಾಲು ತೆಗೆದ ಮೇಲೂ ಹಿಂದಿನ ಕೆಂಪು ದೀಪ ಆರದಿದ್ದರೆ ಪೆಡಲೇ ಪೂರ್ತಿ ವಾಪಸ್ ಬರುತ್ತಿಲ್ಲ. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಬೂಸ್ಟರಿನೊಳಗಿನ ನಿರ್ವಾತ ಖಾಲಿ ಮಾಡಿದಾಗ ಜಾಮ್ ಹೋದರೆ ಬೂಸ್ಟರನ್ನು ಸಂಶಯಿಸಬೇಕು. ಎಲ್ಲ ಮುಗಿದ ಮೇಲೆ ಒಳಸೇರಿದ ಗಾಳಿಯನ್ನು ಬ್ಲೀಡ್ ಮಾಡಿ ತೆಗೆಯದೆ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ.

ಬೆಳಿಗ್ಗೆ ಸರಿಯಿದ್ದು, ಅರ್ಧ ಗಂಟೆ ಓಡಿದ ಮೇಲೆ ಹಿಡಿದು, ಸಂಜೆ ತಣಿದ ಮೇಲೆ ಮತ್ತೆ ಸರಿಯಾಗುವ ಗಾಡಿಗಳಿವೆ. ಮಾಲೀಕರ ಮಾತನ್ನು ಗ್ಯಾರೇಜಿನವರು ನಂಬದಿರುವುದು ಇಂಥ ಸಂದರ್ಭದಲ್ಲೇ. ವಿಜ್ಞಾನದ ದೃಷ್ಟಿಯಿಂದ ಇದು ಅತ್ಯಂತ ಸ್ಪಷ್ಟವಾದ ಲಕ್ಷಣ. ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಮಿಲಿಮೀಟರಿಗೂ ಕಿರಿದಾದ ರಂಧ್ರವಿರುತ್ತದೆ. ಪೆಡಲ್ ಪೂರ್ತಿ ಹಿಂದೆ ಬಂದಾಗ ಮಾತ್ರ ಅದು ತೆರೆದು, ಪೈಪಿನ ಆಯಿಲನ್ನು ಮೇಲಿನ ಡಬ್ಬಿಗೆ ಜೋಡಿಸುತ್ತದೆ. ಕೆಲವು ಎಬಿಎಸ್ ಗಾಡಿಗಳಲ್ಲಿ ರಂಧ್ರದ ಬದಲು ಪಿಸ್ಟನ್ನಿನಲ್ಲೇ ವಾಲ್ವ್ ಇದ್ದು ಅದೇ ಕೆಲಸ ಮಾಡುತ್ತದೆ. ಆಯಿಲ್ ಬಿಸಿಯಾಗಿ ಹಿಗ್ಗಿದಾಗ ಹೆಚ್ಚಾದ ನಾಲ್ಕು ಹನಿ ಈ ದಾರಿಯಾಗಿ ಡಬ್ಬಿಗೆ ಹೋಗಬೇಕು. ಪುಶ್‌ರಾಡ್ ತುಸು ಉದ್ದವಾಗಿದ್ದರೆ, ಇಲ್ಲವೇ ರಬ್ಬರ್ ಕಪ್ ಉಬ್ಬಿದ್ದರೆ ರಂಧ್ರ ಮುಚ್ಚಿಯೇ ಇರುತ್ತದೆ. ಹಿಗ್ಗಿದ ಆಯಿಲಿಗೆ ಹೋಗಲು ಜಾಗವಿಲ್ಲದೆ ಅದು ಪಿಸ್ಟನ್ನನ್ನು ಒತ್ತುತ್ತದೆ, ಪ್ಯಾಡು ತಿಕ್ಕುತ್ತದೆ, ಶಾಖ ಹೆಚ್ಚುತ್ತದೆ, ಆಯಿಲ್ ಇನ್ನೂ ಹಿಗ್ಗುತ್ತದೆ. ಕೊನೆಗೆ ಯಾರೂ ಪೆಡಲ್ ಮುಟ್ಟದೆ ಗಾಡಿ ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ಕಪ್ ಉಬ್ಬಲು ಸಾಮಾನ್ಯ ಕಾರಣ, ಡಬ್ಬಿಗೆ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದಿರುವುದು. ಬ್ರೇಕಿನ ರಬ್ಬರ್ ಗ್ಲೈಕಾಲ್ ಜಾತಿಯ ದ್ರವಕ್ಕೆ ಹೊಂದುವಂಥದ್ದು, ಖನಿಜ ತೈಲವನ್ನು ಹೀರಿ ಊದಿಕೊಳ್ಳುತ್ತದೆ. ಒಮ್ಮೆ ಹಾಗಾದರೆ ವ್ಯವಸ್ಥೆಯ ಎಲ್ಲ ರಬ್ಬರ್ ಭಾಗಗಳನ್ನೂ ಬದಲಿಸದೆ ವಿಧಿಯಿಲ್ಲ.

ಲೋಹ ಕಚ್ಚಿದ ಪ್ರಕರಣಗಳು ಪತ್ತೆಗೆ ಸುಲಭ. ಕೊಡಗಿನ ತೋಟದ ದಾರಿಗಳಲ್ಲಿ, ಮಾಂದಲಪಟ್ಟಿಯಂಥ ಏರುಗಳಲ್ಲಿ ಮಳೆಗಾಲವಿಡೀ ಕೆಸರು, ತೊರೆಗಳಲ್ಲಿ ಮುಳುಗೇಳುವ ಗಾಡಿಗಳಲ್ಲಿ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನುಗಳ ರಬ್ಬರ್ ಹೊದಿಕೆ ಹರಿದು, ಗ್ರೀಸ್ ತೊಳೆದುಹೋಗಿ, ತುಕ್ಕು ಕೂರುತ್ತದೆ. ಆಗ ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ಸವೆಯುತ್ತದೆ, ಅಥವಾ ಒಂದೇ ಪ್ಯಾಡು ಓರೆಯಾಗಿ ಸವೆಯುತ್ತದೆ. ಸವೆತದ ಈ ಅಸಮತೆಯೇ ಪುರಾವೆ. ಹಿಂದಿನ ಡ್ರಮ್ಮುಗಳ ರೀತಿ ಬೇರೆ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದ ಅಲ್ಲಿ ಶಾಖ ಎಳೆತವನ್ನು ಕಡಿಮೆ ಮಾಡುತ್ತದೆ. ಆದರೆ ಹಿಗ್ಗಿದ ಸ್ಥಿತಿಯಲ್ಲೇ ಶೂಗಳನ್ನು ಬಿಗಿ ಮಾಡಿದರೆ ತಣಿದ ಮೇಲೆ ಡ್ರಮ್ ಅವುಗಳನ್ನು ಅಪ್ಪಿ ಹಿಡಿಯುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಕೆಸರು ತುಂಬಿ ವಾಪಸ್ ಬಾರದಿರುವುದೂ ಇಲ್ಲಿ ಸಾಮಾನ್ಯ.

ಇಷ್ಟೆಲ್ಲ ಪರೀಕ್ಷೆ ಯಾಕೆ, ಕ್ಯಾಲಿಪರ್ ಬದಲಿಸಿದ ಎಷ್ಟೋ ಗಾಡಿಗಳು ಸರಿಯಾಗಿವೆಯಲ್ಲ ಎಂಬ ಆಕ್ಷೇಪ ಬಲವಾದದ್ದು. ಕೆಲವು ಸಲ ಕ್ಯಾಲಿಪರೇ ಕೆಟ್ಟಿರುತ್ತದೆ, ನಿಜ. ಆದರೆ ಆ ಕೆಲಸದಲ್ಲಿ ಹೋಸ್ ಬಿಚ್ಚುತ್ತಾರೆ, ಒತ್ತಡ ಹೊರಹೋಗುತ್ತದೆ, ಆಯಿಲ್ ಬ್ಲೀಡ್ ಮಾಡುತ್ತಾರೆ, ಹೊಸ ಸೀಲ್ ಮೊದಲಿಗಿಂತ ಬಲವಾಗಿ ಪಿಸ್ಟನ್ನನ್ನು ಹಿಂದೆಳೆಯುತ್ತದೆ. ಅಡ್ಡಿ ಹೋಸ್‌ನಲ್ಲೇ ಇದ್ದರೂ ಕೆಲವು ದಿನ ಗಾಡಿ ಸಲೀಸಾಗಿ ಓಡುತ್ತದೆ. ರಿಪೇರಿಯೇ ಪುರಾವೆಯನ್ನು ಅಳಿಸಿತು, ದೋಷ ಉಳಿಯಿತು. ಸರಿಯಾಯಿತು ಎಂಬುದರಿಂದ ಕಾರಣ ತಿಳಿಯಿತು ಎನ್ನಲಾಗದು. ಸಮಯವಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಸರಳ. ಬ್ಲೀಡರ್ ಸಡಿಲಿಸುವುದು ಕೆಲವೇ ನಿಮಿಷದ ಕೆಲಸ, ಕ್ಯಾಲಿಪರ್ ಬಿಚ್ಚಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪ್ಯಾಡು ಡಿಸ್ಕಿಗೆ ಸ್ವಲ್ಪ ತಾಗುವುದು ಸಹಜವಲ್ಲವೇ ಎಂದು ಕೇಳುವವರೂ ಇದ್ದಾರೆ. ಹೌದು, ಸಣ್ಣಗೆ ಸವರುವ ಸದ್ದು ಸಹಜ. ಅನುಮಾನವಿದ್ದರೆ ಚಕ್ರದ ಬೋಲ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಎರಡೂ ಬದಿಗೆ ಬೇಕಾಗುವ ಬಲವನ್ನು ಹೋಲಿಸಿದರೆ ವಾದವೇ ಉಳಿಯುವುದಿಲ್ಲ.

ಈ ದೋಷವನ್ನು ಮುಂದೂಡಲು ಬಾರದು, ಏಕೆಂದರೆ ಹಿಡಿಯುವ ಬ್ರೇಕು ಕೊನೆಗೆ ಹಿಡಿಯದ ಬ್ರೇಕಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬದಲಿಸದ ಆಯಿಲ್ ಕೆಳಗಿನ ಅಂಕಿಯತ್ತ ಜಾರುತ್ತಲೇ ಇರುತ್ತದೆ, ಬಿಡದ ಬ್ರೇಕಿನ ಶಾಖ ಅಲ್ಲಿಗೆ ಏರುತ್ತಲೇ ಇರುತ್ತದೆ. ಎರಡೂ ಸಂಧಿಸಿದ ಕಡೆ ಆಯಿಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಒತ್ತಡ ದಾಟಿಸುವುದಿಲ್ಲ, ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಒಂದು ಚಕ್ರ ಮಾತ್ರ ಸುಡುತ್ತಿರುವುದು ಕಂಡರೆ ಘಟ್ಟ ಇಳಿಯಬೇಡಿ. ಗಾಡಿ ತಣ್ಣಗಿರುವಾಗ ಗ್ಯಾರೇಜಿಗೆ ಬಿಟ್ಟು ಬರಬೇಡಿ. ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ಒಯ್ದು, ಚಕ್ರ ಹಿಡಿದಿರುವಾಗಲೇ ಮೆಕ್ಯಾನಿಕ್‌ಗೆ ತೋರಿಸಿ, ಏನನ್ನಾದರೂ ಬಿಚ್ಚುವ ಮೊದಲು ಬ್ಲೀಡರ್ ಸಡಿಲಿಸಿ ನೋಡಲು ಕೇಳಿ.